ಪ್ರತ್ಯಯದ ಮೂಲವೂ ಪದದ ಬಲಾಘಾತವೂ

ಅಕ್ಷರಗಳು ಅವೇ ಆದರೂ ಸ್ವರವು ಬೇರೆಯಾದರೆ ಅರ್ಥವು ಬೇರೆಯಾಗುವುದೆಂಬುದು ನಮ್ಮ ವೈಯಾಕರಣರಿಗೆ ಹೊಸ ಮಾತಲ್ಲ. ಇಂದ್ರನನ್ನು ಕೊಲ್ಲುವ ಮಗನನ್ನು ಬಯಸಿದ ತ್ವಷ್ಟೃವು ‘ಇಂದ್ರಶತ್ರು’ ಎಂಬ ಸಮಾಸದ ಕೊನೆಯಲ್ಲಿರಬೇಕಾದ ಉದಾತ್ತವನ್ನು ಮೊದಲಿನಲ್ಲಿ ಉಚ್ಚರಿಸಿದ್ದರಿಂದ ಇಂದ್ರನೇ ವೃತ್ರನಿಗೆ ಹಂತಕನಾದನಷ್ಟೆ. ಪತಂಜಲಿಯ ಮಹಾಭಾಷ್ಯವು ನೆನೆಯಿಸುವ ಈ ಅಪಾಯವು ಆಂಗ್ಲಭಾಷೆಯ ದೀರ್ಘಪದಗಳನ್ನು ಓದುವ ಕನ್ನಡ ವಿದ್ಯಾರ್ಥಿಗೂ ಇನ್ನೊಂದು ರೂಪದಲ್ಲಿ ಎದುರಾಗುತ್ತದೆ.

ಹಳಿಯಾಳವು ಕನ್ನಡ, ಮರಾಠಿ, ಕೊಂಕಣಿಗಳು ಕೂಡುವ ಸೀಮೆ. 1799ರಲ್ಲಿ ಟಿಪ್ಪುವು ಮಡಿದ ಬಳಿಕ ಈ ಪ್ರಾಂತವು ಆಂಗ್ಲರ ವಶವಾಯಿತು. 1800ರ ಸುಮಾರಿನ ವೆಲ್ಲೆಸ್ಲಿಯ ಪತ್ರಗಳಲ್ಲಿ ಊರಿನ ಹೆಸರು ‘ಹಲ್ಲಿಹಾಲ್’ ಎಂಬಂತೆ ರೂಪಾಂತರ ಹೊಂದಿದೆ. 1862ರಲ್ಲಿ ಉತ್ತರ ಕನ್ನಡವು ಮದರಾಸನ್ನು ಬಿಟ್ಟು ಮುಂಬಯಿ ಆಧಿಪತ್ಯಕ್ಕೆ ಸೇರಿತು. ಆಂಗ್ಲರ ನಾಲಿಗೆಯು ಊರ ಹೆಸರನ್ನು ತನ್ನ ಅಚ್ಚಿನಲ್ಲಿ ಎರಕಹೊಯ್ದಂತೆಯೇ ನಾಡವರ ನಾಲಿಗೆಯೂ ಸ್ಟೇಷನ್ನನ್ನು ‘ಠೇಸನ್’ ಮಾಡಿಕೊಂಡು, ಠೇಸನ್ನಿಗೆ, ಠೇಸನ್ನಿನಲ್ಲಿ ಎಂದು ತನ್ನ ವಿಭಕ್ತಿಗಳನ್ನು ತೊಡಿಸಿತು.

ಕನ್ನಡದಲ್ಲಿ ಪ್ರತ್ಯಯವು ಪ್ರಕೃತಿಯನ್ನು ಅಲುಗಿಸುವುದು ವಿರಳ. ಮನೆ, ಮನೆಯವರು, ಮನೆಯವರಿಗೆ: ಅಕ್ಷರಗಳು ಬೆಳೆದರೂ ‘ಮನೆ’ಯು ಇದ್ದಂತೆಯೇ ಇರುತ್ತದೆ. ಸಂಧಿಯಲ್ಲಿ ಲೋಪವೋ ಆಗಮವೋ ಆದರೆ ಅದು ಸಾಮಾನ್ಯವಾಗಿ ಬೆಸುಗೆಯ ಎಡೆಯಲ್ಲಿ ಮಾತ್ರ. ಕೇಶಿರಾಜನೂ, 1604ರಲ್ಲಿ ಸಂಸ್ಕೃತ ಸೂತ್ರಗಳಿಂದ ಕನ್ನಡಕ್ಕೆ ವ್ಯಾಕರಣವನ್ನು ಕಟ್ಟಿದ, ಈ ಜಿಲ್ಲೆಯ ಜೈನಪರಂಪರೆಗೆ ಸೇರಿದ ಭಟ್ಟಾಕಳಂಕನೂ ಈ ಬೆಸುಗೆಗಳನ್ನೇ ವಿಸ್ತರಿಸಿ ಹೇಳಿದರು.

ಆಂಗ್ಲಭಾಷೆಯ ಬಗೆ ಬೇರೆ. ‘ಫೋಟೋಗ್ರಾಫ್’ ಎಂಬಲ್ಲಿ ಒತ್ತು ಮೊದಲ ಅಕ್ಷರದ ಮೇಲೆ. ‘ಫೊಟಾಗ್ರಫರ್’ ಎಂಬಲ್ಲಿ ಎರಡನೆಯದರ ಮೇಲೆ. ‘ಫೋಟೊಗ್ರಾಫಿಕ್’ ಎಂಬಲ್ಲಿ ಮೂರನೆಯದರ ಮೇಲೆ. ಒತ್ತು ತಪ್ಪಿದ ಅಕ್ಷರದ ಸ್ವರವು ಬಹುಮಟ್ಟಿಗೆ ಮಸುಕಾಗುವುದು. ಅಚ್ಚಾದ ಪುಟದಲ್ಲಿ ಇದಾವುದಕ್ಕೂ ಗುರುತಿಲ್ಲ.

ಇದಕ್ಕೆ ಕಾರಣವು ಆ ಭಾಷೆಯ ಇತಿಹಾಸದಲ್ಲಿದೆ. ಇಂಗ್ಲಿಷಿನ ಬೇರು ಜರ್ಮಾನಿಕ್ ವರ್ಗದ್ದು. ಅಲ್ಲಿ ಒತ್ತು ಪ್ರಾಯಶಃ ಪ್ರಕೃತಿಯ ಮೊದಲಕ್ಷರಕ್ಕೇ ಅಂಟಿಕೊಂಡಿರುತ್ತದೆ. 1066ರಲ್ಲಿ ನಾರ್ಮಂಡಿಯ ವಿಲಿಯಮನು ಆ ದೇಶವನ್ನು ಗೆದ್ದ ಮೇಲೆ ಫ್ರೆಂಚ್ ಮಾತುಗಳೂ, ಅನಂತರ ವಿದ್ವಾಂಸರ ಮೂಲಕ ಲ್ಯಾಟಿನ್ ಗ್ರೀಕ್ ಮಾತುಗಳೂ ಹೊಕ್ಕವು. ಅವುಗಳ ಪ್ರತ್ಯಯಗಳು ಒತ್ತಿನ ಬೇರೆ ನಿಯಮವನ್ನೂ ಜೊತೆಗೆ ತಂದವು. ಆದುದರಿಂದ ‘ನೆಸ್’, ‘ಫುಲ್’, ‘ಲಿ’ ಎಂಬ ದೇಶ್ಯ ಪ್ರತ್ಯಯಗಳು ಸೇರಿದರೆ ಒತ್ತು ಕದಲುವುದಿಲ್ಲ; ‘ಷನ್’, ‘ಇಕ್’, ‘ಇಟಿ’ ಎಂಬ ಆಗಂತುಕಗಳು ಸೇರಿದರೆ ಅದು ಪ್ರತ್ಯಯದ ಹಿಂದಿನ ಅಕ್ಷರಕ್ಕೆ ಸರಿಯುತ್ತದೆ. ಎಜುಕೇಟ್ ಎಂಬುದರ ಮೊದಲಿನ ಒತ್ತು ಎಜುಕೇಷನ್ನಿನಲ್ಲಿ ‘ಕೇ’ ಎಂಬಲ್ಲಿಗೂ, ಸಿವಿಲ್ ಎಂಬುದರದು ಸಿವಿಲಿಟಿಯಲ್ಲಿ ‘ವಿ’ ಎಂಬಲ್ಲಿಗೂ ಬರುವುದು. ಟ್ರಸ್ಟೀ, ಇಂಜಿನಿಯರ್ ಮುಂತಾದುವುಗಳಲ್ಲಿ ಪ್ರತ್ಯಯವೇ ಒತ್ತನ್ನು ಹೊರುವುದು. ಪಾಲಿಟಿಕ್ಸ್, ಅರಿತ್ಮೆಟಿಕ್ ಮೊದಲಾದ ಅಪವಾದಗಳೂ ಉಂಟು.

ಪಾಣಿನಿಯನ್ನು ಓದಿದವರಿಗೆ ಈ ವಿಭಾಗವು ಅಪರಿಚಿತವಲ್ಲ. ಪ್ರತ್ಯಯವು ಸಾಮಾನ್ಯವಾಗಿ ಆದ್ಯುದಾತ್ತವೆಂದೂ, ಸುಪ್ಪುಗಳೂ ಪಕಾರವು ಇತ್ತಾದವುಗಳೂ ಅನುದಾತ್ತವೆಂದೂ, ಲಕಾರವು ಇತ್ತಾದರೆ ಪ್ರತ್ಯಯದ ಹಿಂದಿನ ಸ್ವರವೇ ಉದಾತ್ತವೆಂದೂ ಅವನು ವಿಧಿಸಿದ್ದಾನೆ. ವೇದದ ಉದಾತ್ತವು ಧ್ವನಿಯ ಏರಿಕೆ, ಆಂಗ್ಲದ ಒತ್ತು ಉಸಿರಿನ ಬಲ. ಎರಡೂ ಒಂದೇ ಅಲ್ಲ. ಆದರೂ ಸ್ವರದ ನೆಲೆಯನ್ನು ಪ್ರತ್ಯಯವು ನಿರ್ಣಯಿಸುವುದೆಂಬ ತತ್ವವು ಎರಡಕ್ಕೂ ಸಮಾನ.

ಹೀಗಿರಲು, ದೀರ್ಘಪದವನ್ನು ಸಮನಾಗಿ ಓದಿದ ಹುಡುಗನನ್ನು ಮಂದಮತಿಯೆಂದು ನಗುವುದು ಅನ್ಯಾಯ. ಅವನು ತನ್ನ ಭಾಷೆಯ ಧರ್ಮವನ್ನು ಪಾಲಿಸಿದ್ದಾನೆ. ಪದಗಳನ್ನು ಒಂದೊಂದಾಗಿ ಬಾಯಿಪಾಠ ಮಾಡಿಸುವುದಕ್ಕಿಂತ ಪ್ರತ್ಯಯದ ಕುಲವನ್ನು ಗುರುತಿಸಲು ಕಲಿಸಿದರೆ, ಅವನು ಕಾಣದ ಪದಕ್ಕೂ ತಾನೇ ಒತ್ತನ್ನು ಹಾಕಿಯಾನು.