ಕನ್ನಡಕ್ಕೆ ಕೆಳಗಿನದು

ನಾನು ಎಸ್.ಪಿ. ರೋಡಿನ ಮಹಡಿ ಅಂಗಡಿಯೊಂದರಲ್ಲಿ ಸ್ಕ್ರೂಡ್ರೈವರ್ ಹಿಡಿದದ್ದು ವಿಂಡೋಸ್ 98ರ ಕಾಲದಲ್ಲಿ. ಆಗ ನಮ್ಮ ಬ್ಯಾಗಿನಲ್ಲಿ ಊಟದ ಡಬ್ಬಿಗಿಂತ ಸಿಡಿ ಪೌಚೇ ದಪ್ಪ. ಯಾರದೋ ಮದರ್‌ಬೋರ್ಡಿನ ಡ್ರೈವರ್ ಸಿಡಿ ಇನ್ಯಾರಿಗೋ ಆಗಿಬರುತ್ತಿತ್ತು, ಒಂದನ್ನೂ ಎಸೆಯುತ್ತಿರಲಿಲ್ಲ.

2001ರ ಅಕ್ಟೋಬರಿನಲ್ಲಿ ಎಕ್ಸ್‌ಪಿ ಬಂತು. ನಮ್ಮ ಗಿರಾಕಿಗಳಿಗೆ ಅದರ ಹಸಿರು ಗುಡ್ಡಕ್ಕಿಂತ ಬೇಕಾಗಿದ್ದು ಪೆನ್‌ಡ್ರೈವ್. 98ರಲ್ಲಿ ಅದಕ್ಕೆ ಬೇರೆ ಡ್ರೈವರ್ ಹಾಕಬೇಕು, ಎಕ್ಸ್‌ಪಿಯಲ್ಲಿ ಚುಚ್ಚಿದರೆ ಆಯಿತು. ಆದರೆ ಎಕ್ಸ್‌ಪಿ 98ರ ವಂಶದ್ದಲ್ಲ, ಎನ್‌ಟಿ ವಂಶದ್ದು. ಹಳೆಯ ಡ್ರೈವರ್‌ಗಳು ಎಷ್ಟೋ ಅಲ್ಲಿ ನಡೆಯುತ್ತಿರಲಿಲ್ಲ. ಡಿವೈಸ್ ಮ್ಯಾನೇಜರ್ ತೆರೆದರೆ ಹಳದಿ ಗುರುತುಗಳ ಸಾಲು. ಆಗ ಡಬ್ಬ ಬಿಚ್ಚಿ, ಟಾರ್ಚ್ ಹಿಡಿದು ಚಿಪ್ ಮೇಲಿನ ನಂಬರ್ ಓದುವುದು. ನೆಟ್‌ವರ್ಕ್ ಕಾರ್ಡಿನ ಚಿಪ್ ಮೇಲೆ ಏಡಿಯ ಗುರುತು, ಪಕ್ಕದಲ್ಲಿ 8139 ಅಂತ ಕಂಡರೆ ನೆಮ್ಮದಿ: ರಿಯಲ್‌ಟೆಕ್. ಅದರ ಡ್ರೈವರ್ ಎಕ್ಸ್‌ಪಿಯ ಹೊಟ್ಟೆಯಲ್ಲೇ ಇತ್ತು. ಕಾಡುತ್ತಿದ್ದದ್ದು ಮೋಡೆಮ್, ಸೌಂಡ್ ಕಾರ್ಡ್. ಕೆಲವೊಮ್ಮೆ ಡಬ್ಬ ಬಿಚ್ಚುವುದೂ ಬೇಕಿರಲಿಲ್ಲ, ತಯಾರಕರ ಸಂಖ್ಯೆ ಪರದೆಯಲ್ಲೇ ಸಿಗುತ್ತಿತ್ತು. ಇಂಟೆಲ್‌ನದು 8086, ತನ್ನ 1978ರ ಪ್ರೊಸೆಸರಿನ ಹೆಸರೇ. ಆ ಜಂಬ ನನಗೆ ಹಿಡಿಸಿತ್ತು.

ನನ್ನನ್ನು ನಿಜವಾಗಿ ಬೆವರಿಳಿಸಿದ್ದು ಒಂದು ಬೀಗ. ಸುಲ್ತಾನ್‌ಪೇಟೆಯಲ್ಲಿ ಲಗ್ನಪತ್ರಿಕೆ ಮಾಡುವ ಪ್ರೆಸ್ಸು. ಅವರ ಕನ್ನಡ ಸಾಫ್ಟ್‌ವೇರಿಗೆ, ನಕಲು ಮಾಡದಂತೆ, ಬೆಂಕಿಪೊಟ್ಟಣದಷ್ಟು ದೊಡ್ಡ ಲಾಕ್. ಅದನ್ನು 25 ಪಿನ್ನಿನ ಪ್ರಿಂಟರ್ ಪೋರ್ಟಿಗೆ ಸಿಕ್ಕಿಸಿ, ಅದರ ಬೆನ್ನಿಗೆ ಪ್ರಿಂಟರ್ ಕೇಬಲ್. ಎಕ್ಸ್‌ಪಿ ಹಾಕಿಕೊಟ್ಟು ಬಂದೆ. ಸಂಜೆಗೆ ಫೋನು.

“ಏನಪ್ಪಾ, ಲಾಕೇ ಇಲ್ಲ ಅಂತಿದೆಯಲ್ಲೋ! ನಾಳೆ ಪ್ರೂಫ್ ಕೊಡಬೇಕು.”

“ಬಂದೆ ಯಜಮಾನ್ರೇ.”

ಲಾಕ್ ಇದ್ದಲ್ಲೇ ಇತ್ತು. 98ರಲ್ಲಿ ಪ್ರೋಗ್ರಾಂ ನೇರವಾಗಿ ಪೋರ್ಟಿಗೆ ಕೈಹಾಕಬಹುದಿತ್ತು. ಎನ್‌ಟಿ ಹಾಗೆ ಬಿಡುವುದಿಲ್ಲ, ನಡುವೆ ಡ್ರೈವರ್ ಇರಲೇಬೇಕು. ಆ ಲಾಕಿಗೆ ಅದು ನಮ್ಮ ರಸ್ತೆಯಲ್ಲೆಲ್ಲೂ ಸಿಗಲಿಲ್ಲ. ತಮಾಷೆ ಎಂದರೆ, ತುಂಗಾ ಎಂಬ ಕನ್ನಡ ಫಾಂಟು ಎಕ್ಸ್‌ಪಿ ಜೊತೆಗೇ ಬಂದಿತ್ತು. ಆದರೆ ಪ್ರೆಸ್ಸಿನ ಪೇಜ್‌ಮೇಕರಿಗೆ ಯೂನಿಕೋಡ್ ಕನ್ನಡ ಬರುತ್ತಿರಲಿಲ್ಲ.

ರಾತ್ರಿಯೆಲ್ಲಾ ಕೂತು ಡಿಸ್ಕ್ ಒರೆಸಿ, ಮೊದಲು 98, ಆಮೇಲೆ ಇನ್ನೊಂದು ಪಾರ್ಟಿಷನ್ನಿನಲ್ಲಿ ಎಕ್ಸ್‌ಪಿ ಹಾಕಿದೆ. ಕೆಲಸದ ಫೈಲುಗಳ ಡ್ರೈವನ್ನು ಫ್ಯಾಟ್32 ಆಗಿಯೇ ಇಟ್ಟೆ. ಎನ್‌ಟಿಎಫ್‌ಎಸ್ ಮಾಡಿದರೆ 98ಕ್ಕೆ ಅದು ಕಾಣುವುದೇ ಇಲ್ಲ. ಬೆಳಗ್ಗೆ ಆನ್ ಮಾಡಿದರೆ ಕಪ್ಪು ಪರದೆಯ ಮೇಲೆ ಎರಡು ಸಾಲು. ಯಜಮಾನರು ಹಾಳಾದ ಪತ್ರಿಕೆಯೊಂದರ ಹಿಂಬದಿಯಲ್ಲಿ ಬರೆದು ಮಾನಿಟರಿಗೆ ಅಂಟಿಸಿದರು: ‘ಪೆನ್‌ಡ್ರೈವ್‌ಗೆ ಮೇಲಿನದು, ಕನ್ನಡಕ್ಕೆ ಕೆಳಗಿನದು.’

98ಕ್ಕೆ ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸಿದ್ದು 2006ರ ಜುಲೈನಲ್ಲಿ. ಆ ಚೀಟಿ ಆಮೇಲೂ ಎರಡು ಲಗ್ನದ ಸೀಸನ್ ಕಂಡಿತು.