ಒಂದು ಸಂಖ್ಯೆಗೆ ಸಂದ ಭಾನುವಾರಗಳು

ಎರಡನ್ನು ಎರಡರಿಂದ ಗುಣಿಸುತ್ತ ಹೋಗಿ, ಅರವತ್ತೇಳು ಎರಡುಗಳಾದ ಮೇಲೆ ನಿಲ್ಲಿಸಿ. ಬಂದುದರಲ್ಲಿ ಒಂದನ್ನು ಕಳೆಯಿರಿ. ಉಳಿಯುವುದು 14,75,73,95,25,89,67,64,12,927. ಇಪ್ಪತ್ತೊಂದು ಅಂಕಿ! ಓದಿ ಹೇಳಲು ಹೊರಟರೆ ನಾಲಿಗೆ ತೊಡರುತ್ತದೆ.

ಪ್ಯಾರಿಸ್ಸಿನ ಸಂನ್ಯಾಸಿ ಮರೀನ್ ಮರ್ಸೆನ್ 1644ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದನ್ನು ಅವಿಭಾಜ್ಯ ಸಂಖ್ಯೆ ಎಂದ. ಅಂದರೆ 7, 31ರ ಹಾಗೆ, ಒಂದು ಮತ್ತು ತನ್ನನ್ನು ಬಿಟ್ಟು ಬೇರೆ ಯಾವುದರಿಂದಲೂ ಇದು ಶೇಷವಿಲ್ಲದೆ ಭಾಗವಾಗದು. ಸಾಧನೆಯನ್ನೇನೂ ಅವನು ಕೊಡಲಿಲ್ಲ. ದೊಡ್ಡವರು ಹೇಳಿದ್ದು, ಇನ್ನೂರ ಮೂವತ್ತೆರಡು ವರ್ಷ ಹಾಗೇ ಉಳಿಯಿತು. 1876ರಲ್ಲಿ ಫ್ರಾನ್ಸಿನವನೇ ಆದ ಎದುವಾರ್ ಲ್ಯೂಕಾ, ಮರ್ಸೆನ್ ಇಲ್ಲಿ ತಪ್ಪಿದ್ದಾನೆ ಎಂದು ತೋರಿಸಿದ. ವಿಚಿತ್ರವೆಂದರೆ ಅವನ ಪರೀಕ್ಷೆ ಸಂಖ್ಯೆ ಒಡೆಯುತ್ತದೆಯೋ ಇಲ್ಲವೋ ಎಂಬುದನ್ನಷ್ಟೇ ಹೇಳುತ್ತಿತ್ತು. ಒಡೆದರೆ ಸಿಗುವ ಚೂರುಗಳು ಯಾವುವು ಎಂಬುದನ್ನಲ್ಲ.

ನಾನೂ ಎಷ್ಟೋ ವರ್ಷ ಮಕ್ಕಳ ಪುಸ್ತಕದಲ್ಲಿ ಕೆಂಪು ಶಾಯಿಯಿಂದ ಅಡ್ಡಗೆರೆ ಎಳೆದು ‘ತಪ್ಪು’ ಎಂದು ಬರೆದು ಮುಗಿಸಿದವಳು. ಏಳನೆಯ ತರಗತಿಯ ಹುಡುಗಿಯೊಬ್ಬಳು ಪುಸ್ತಕ ಹಿಡಿದು ಬಂದು, “ಎಲ್ಲಿ ತಪ್ಪಿದೆ ಟೀಚರ್?” ಎಂದಳು. ಮೂವತ್ತು ಪುಸ್ತಕ ಬಾಕಿ ಇದ್ದುವು. “ನೀನೇ ಹುಡುಕು” ಎಂದುಬಿಟ್ಟೆ. ಅವಳು ಮತ್ತೆ ಕೇಳಲಿಲ್ಲ.

‘ಎಲ್ಲಿ’ ಎಂಬುದಕ್ಕೆ ಉತ್ತರ ಹುಡುಕಿದವನು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಫ್ರಾಂಕ್ ನೆಲ್ಸನ್ ಕೋಲ್. ಅವನಿಗೊಂದು ಸುಳಿವಿತ್ತು. ಈ ಸಂಖ್ಯೆಯನ್ನು ಭಾಗಿಸುವ ಯಾವುದೇ ಸಂಖ್ಯೆಯನ್ನು 134ರಿಂದ ಭಾಗಿಸಿದರೆ ಒಂದು ಉಳಿಯಲೇಬೇಕು. 134 ಎಂದರೆ 67ರ ಎರಡರಷ್ಟು. ಹಾಗಾದರೆ 135, 269, 403... ಹೀಗೆ ನೋಡುತ್ತ ಹೋದರಾಯಿತಲ್ಲ ಎನ್ನಬೇಡಿ. ಸರಿಯಾದದ್ದು ಆ ಸಾಲಿನಲ್ಲಿ 14,45,580ನೆಯದು! ಕೋಲ್ ಬೇರೆ ಬೇರೆ ಶೇಷಗಳ ಜರಡಿ ಹಿಡಿದು, ಆಗದವನ್ನು ರಾಶಿರಾಶಿಯಾಗಿ ಕೆಳಗೆ ಬೀಳಿಸಿದ.

1903ರ ಅಕ್ಟೋಬರ್ 31ರಂದು ಅಮೆರಿಕನ್ ಮ್ಯಾಥಮೆಟಿಕಲ್ ಸೊಸೈಟಿಯ ಸಭೆಯಲ್ಲಿ ಅವನ ಪ್ರಬಂಧದ ಸರದಿ. ಮುಂದಿನ ಕಥೆಯನ್ನು ಇ. ಟಿ. ಬೆಲ್ ಬರೆದಿದ್ದಾನೆ. ಕೋಲ್ ಮಾತಿಲ್ಲದೆ ಕರಿಹಲಗೆಯತ್ತ ನಡೆದ. ಎರಡರ ಅರವತ್ತೇಳನೆಯ ಘಾತವನ್ನು ಲೆಕ್ಕಮಾಡಿ, ಒಂದು ಕಳೆದ. ಪಕ್ಕದ ಖಾಲಿ ಜಾಗದಲ್ಲಿ 19,37,07,721 ಮತ್ತು 7,61,83,82,57,287 ಬರೆದು ಗುಣಿಸಿದ. ಎರಡು ಕಡೆಯ ಉತ್ತರವೂ ಒಂದೇ. ಹಾಗೆಯೇ ಬಂದು ಕುಳಿತ. ಸಭೆ ಚಪ್ಪಾಳೆ ತಟ್ಟಿತು; ಯಾರೂ ಪ್ರಶ್ನೆ ಕೇಳಲಿಲ್ಲ. ಎಷ್ಟು ಕಾಲ ಹಿಡಿಯಿತೆಂದು ಬೆಲ್ ಮುಂದೊಮ್ಮೆ ಕೇಳಿದಾಗ, ಮೂರು ವರ್ಷದ ಭಾನುವಾರಗಳು ಎಂದನಂತೆ.

ಮೂರು ವರ್ಷಕ್ಕೆ ನೂರೈವತ್ತಾರು ಭಾನುವಾರ. ನಮ್ಮ ಭಾನುವಾರಗಳು ಎಣ್ಣೆಸ್ನಾನ, ನೆನೆಸಿಟ್ಟ ಬಟ್ಟೆ, ದೋಸೆಹಿಟ್ಟು, ಮನೆಗೆ ಬಂದವರು ಎಂದು ಕರಗಿಹೋಗುತ್ತವೆ. ಕೋಲ್ ಲೆಕ್ಕದಲ್ಲಿ ಮುಳುಗಿದ್ದಾಗ ಆ ಮನೆಯ ಅಡುಗೆ ಯಾರು ನೋಡಿಕೊಂಡರೋ ಎಂದು ನನ್ನ ಮನಸ್ಸು ಮೊದಲು ಅಲ್ಲಿಗೇ ಓಡಿತು. ಇಂದು ಕಂಪ್ಯೂಟರು ಈ ಸಂಖ್ಯೆಯನ್ನು ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಒಡೆದುಕೊಡುತ್ತದೆ.

ಹೋದ ಭಾನುವಾರ ಊಟವಾದ ಮೇಲೆ ನಾನೂ ಹಳೆಯ ನೋಟುಪುಸ್ತಕದ ಬೆನ್ನಿಗೆ ಆ ಗುಣಾಕಾರ ಹಾಕಿದೆ. ಒಂದು ಸೊನ್ನೆ ಇರುವುದರಿಂದ ಎಂಟೇ ಸಾಲು. ಕೂಡಿದರೆ ಉತ್ತರ ತಪ್ಪು. ಒಂದೊಂದೇ ಸಾಲು ತಿರುಗಿ ನೋಡುತ್ತ ಬಂದೆ. ಆರನೆಯ ಸಾಲಿನಲ್ಲಿ ದಶಕ ಬಿಟ್ಟಿದ್ದೆ.