ಲೋಹದ ವಿರೂಪಣ ಮತ್ತು ಯಂತ್ರಕಲಿಕೆ

ಲೋಹವನ್ನು ಒತ್ತಿದಾಗ, ಎಳೆದಾಗ, ತಿರುಚಿದಾಗ ಅದು ಎಷ್ಟು ಬಗ್ಗುತ್ತದೆ, ಎಲ್ಲಿ ಬಿರುಕು ಬಿಡುತ್ತದೆ ಎಂದು ಮೊದಲೇ ಅಂದಾಜು ಮಾಡುವ ಲೆಕ್ಕಗಳ ಇತಿಹಾಸವಿದು. ಕಾವು ಬದಲಾದರೆ ಉತ್ತರ ಬದಲಾಗುತ್ತದೆ, ಒತ್ತುವ ವೇಗ ಬದಲಾದರೂ ಅಷ್ಟೇ. ತೊಡಕಿರುವುದೇ ಇಲ್ಲಿ.

ಕೋಲಾರದ ಚಿನ್ನದ ಗಣಿಗಳಲ್ಲಿ ಇಂಥದೇ ಪ್ರಶ್ನೆಯನ್ನು ಮೊದಲು ಎತ್ತಿದ್ದು ಬಂಡೆ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕೈಗೆತ್ತಿಕೊಂಡ ಗಣಿಗಾರಿಕೆ ಚಾಂಪಿಯನ್ ರೀಫ್‌ನಲ್ಲಿ 3 ಕಿ.ಮೀ.ಗೂ ಆಳಕ್ಕೆ ಇಳಿಯಿತು. ಮೇಲಿನ ಭಾರಕ್ಕೆ ಬಂಡೆ ಬಾಗುವುದಿಲ್ಲ, ಸಿಡಿಯುತ್ತದೆ. ಆ ಸಿಡಿತಗಳ ಅನುಭವವಿದ್ದ ಊರಿನಲ್ಲೇ 1988ರಲ್ಲಿ ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆ ಆರಂಭವಾಯಿತು. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿದ ಮೇಲೂ ಅಲ್ಲಿನ ಬೆಮೆಲ್ ಕಾರ್ಖಾನೆಯಲ್ಲಿ ಬುಲ್‌ಡೋಜರ್‌ಗಳು ತಯಾರಾಗುತ್ತಿವೆ. ಅಂಥ ಯಂತ್ರಕ್ಕೆ ಬೇಕಾದ ಉಕ್ಕಿನ ಹಾಳೆಯನ್ನು ಪ್ರೆಸ್‌ನಲ್ಲಿ ಬಗ್ಗಿಸಿ ಬಿಟ್ಟರೆ ಅದು ಕೊಂಚ ಹಿಂದಕ್ಕೆ ಪುಟಿಯುತ್ತದೆ. ಎಷ್ಟು ಪುಟಿಯುತ್ತದೆಂದು ತಿಳಿದು ಮೊದಲೇ ಅಷ್ಟು ಹೆಚ್ಚು ಬಗ್ಗಿಸಬೇಕು.

ಇಂಥ ಅಂದಾಜಿಗೆ ಹಳೆಯ ದಾರಿ ಸೂತ್ರದ್ದು. 1944ರಲ್ಲಿ ಜೀನರ್ ಮತ್ತು ಹೊಲೊಮನ್ ಕಾವನ್ನೂ ವೇಗವನ್ನೂ ಒಂದೇ ಸಂಖ್ಯೆಗೆ ಇಳಿಸಿದರು. 1983ರ ಜಾನ್ಸನ್–ಕುಕ್ ಸೂತ್ರಕ್ಕೆ ಐದು ಸ್ಥಿರಾಂಕ ಸಾಕು. ಅದರ ಜನಪ್ರಿಯತೆಗೆ ನಿಖರತೆಗಿಂತ ಈ ಸರಳತೆಯೇ ದೊಡ್ಡ ಕಾರಣವೆನ್ನಬೇಕು.

ಈ ಲೆಕ್ಕಗಳಲ್ಲಿ ಕರ್ನಾಟಕದ ಪಾಲು ಇರುವುದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. ಅಲ್ಲಿನ ವೈ.ವಿ.ಆರ್.ಕೆ. ಪ್ರಸಾದ್ ಅಮೆರಿಕದ ಸಹೋದ್ಯೋಗಿಗಳೊಂದಿಗೆ 1984ರಲ್ಲಿ ಸಂಸ್ಕರಣಾ ನಕ್ಷೆಯ ವಿಧಾನವನ್ನು ಮುಂದಿಟ್ಟರು. ಪರೀಕ್ಷೆ ನೋಡಲು ಸರಳ: 10 ಮಿ.ಮೀ. ಅಗಲ, 15 ಮಿ.ಮೀ. ಎತ್ತರದ ಲೋಹದ ತುಂಡನ್ನು ಕಾಯಿಸಿ ಅದುಮುತ್ತಾರೆ. ಹೊರಬಂದ ತುಂಡಿನ ಹೊಟ್ಟೆ ಪೀಪಾಯಿಯಂತೆ ಉಬ್ಬಿರುತ್ತದೆ. ಹೀಗೆ ಹತ್ತಾರು ತುಂಡು ಅದುಮಿದರೆ ಒಂದು ಲೋಹದ ನಕ್ಷೆ ಸಿದ್ಧ. ಯಾವ ಕಾವಿನಲ್ಲಿ ಯಾವ ವೇಗ ಕ್ಷೇಮ, ಎಲ್ಲಿ ಅಪಾಯ ಎಂಬುದು ಅದರಲ್ಲಿ ಬೆಟ್ಟದ ಎತ್ತರದ ಗೆರೆಗಳಂತೆ ಕಾಣುತ್ತದೆ. 1997ರಲ್ಲಿ ಇಂಥ ನಕ್ಷೆಗಳ ದೊಡ್ಡ ಸಂಗ್ರಹವೇ ಬಂತು. ಇದು ಯಂತ್ರಕಲಿಕೆಯಲ್ಲ, ಆದರೆ ಯಂತ್ರಕ್ಕೆ ಕಲಿಸಲು ಬೇಕಾದದ್ದು ಇಂಥ ದತ್ತಾಂಶವೇ.

1991ರಲ್ಲಿ ಸಂಶೋಧಕ ಘಬೂಸಿ ಮತ್ತು ಸಂಗಡಿಗರು ಕಾಂಕ್ರೀಟಿನ ವರ್ತನೆಯನ್ನು ನರಜಾಲಕ್ಕೆ, ಅಂದರೆ ಉದಾಹರಣೆಗಳಿಂದ ಕಲಿಯುವ ಗಣಕ ಮಾದರಿಗೆ, ಕಲಿಸಿ ತೋರಿಸಿದರು. 2000ರ ದಶಕದಲ್ಲಿ ಕಲ್ಪಾಕ್ಕಂನ ಇಂದಿರಾ ಗಾಂಧಿ ಅಣು ಸಂಶೋಧನಾ ಕೇಂದ್ರದವರು ಕಾದ ಸ್ಟೇನ್‌ಲೆಸ್ ಸ್ಟೀಲಿಗೆ ಅದೇ ವಿಧಾನ ಬಳಸಿದರು. ಜಾಲ ಸೂತ್ರ ಬೇಡುವುದಿಲ್ಲ. ಕಾವು, ವೇಗ, ವಿರೂಪಣದ ಪ್ರಮಾಣ ಕೊಟ್ಟರೆ ಲೋಹ ಒಡ್ಡುವ ಪ್ರತಿರೋಧ ಹೇಳುತ್ತದೆ. 900 ಡಿಗ್ರಿಯಿಂದ ಮೇಲೆ ಮಾತ್ರ ಪರೀಕ್ಷಿಸಿ ಕಲಿಸಿದ ಜಾಲಕ್ಕೆ 700 ಡಿಗ್ರಿಯ ಪ್ರಶ್ನೆ ಕೇಳಿದರೂ ಅದು ಅಳುಕದೆ ಉತ್ತರ ಕೊಡುತ್ತದೆ. ಆ ಉತ್ತರ ಸರಿಯೇ ಎಂದು ನೋಡಲು ಮತ್ತೊಂದು ತುಂಡನ್ನು ಕುಲುಮೆಗಿಟ್ಟು ಅದುಮಲೇಬೇಕು.